ಮುಂಗುಸಿಗೂ ಶುಗರ್

ಮೊದಲೇ ಹೇಳಿಬಿಡುತ್ತೇನೆ, ಅದು ಮುಂಗುಸಿಯಲ್ಲ. ಫೆರೆಟ್. ಉದ್ದ ಮೈ, ಗಿಡ್ಡ ಕಾಲು, ಕಣ್ಣಿನ ಸುತ್ತ ಕಳ್ಳನಿಗಿರುವಂಥ ಕಪ್ಪು ಪಟ್ಟಿ. ಜಪಾನಿನಲ್ಲಿ ಎಷ್ಟೋ ಮನೆಗಳಲ್ಲಿ ಸಾಕುತ್ತಾರೆ. ಇದನ್ನು ನಮ್ಮ ಮಾವನವರಿಗೆ ನಾನು ಹೇಳಿ ಹೇಳಿ ಸಾಕಾಯಿತು. "ನೀನು ಇಂಗ್ಲಿಷಲ್ಲಿ ಏನಾದ್ರೂ ಕರ್ಕೊಳಮ್ಮ, ನಾನು ಹುಟ್ಟಿದಾಗ್ಲಿಂದ ನೋಡ್ತಿದೀನಿ, ಇದು ಮುಂಗುಸೀನೇ," ಎಂದು ಅವರು ಪಟ್ಟು ಹಿಡಿದು ಕೂತರು. ಕೊನೆಗೆ ಎಲ್ಲರ ಬಾಯಲ್ಲೂ ಅದು ಮುಂಗುಸಿಯೇ ಆಯಿತು. ಮಗಳು ಅದಕ್ಕೊಂದು ಚೆಂದದ ಜಪಾನೀ ಹೆಸರಿಟ್ಟಿದ್ದಳು, ಆ ಹೆಸರಿನಿಂದ ಅವಳೊಬ್ಬಳೇ ಕರೆಯುತ್ತಿದ್ದಳು.

ಅದು ನಮ್ಮ ಮನೆ ಸೇರಿದ್ದು ನನ್ನ ಬಾಯಿಯ ದೆಸೆಯಿಂದ. ಟೋಕಿಯೋದ ಎಡೋಗಾವಾದಲ್ಲಿ ನಮ್ಮ ಫ್ಲಾಟು, ನಾನೂ ಗಂಡನೂ ಬೇರೆ ಬೇರೆ ಐಟಿ ಕಂಪನಿಗಳಲ್ಲಿ ಕೆಲಸಕ್ಕಿದ್ದೆವು. ನನ್ನ ಟೀಮಿನ ಜಪಾನೀ ಸಹೋದ್ಯೋಗಿಯೊಬ್ಬರಿಗೆ ನಗೋಯಾಕ್ಕೆ ವರ್ಗವಾಯಿತು. ಅಲ್ಲಿ ಅವರಿಗೆ ಸಿಕ್ಕ ಮನೆಯಲ್ಲಿ ಪ್ರಾಣಿ ಸಾಕುವಂತಿಲ್ಲ. ಊಟದ ಬಿಡುವಿನಲ್ಲಿ ಅವರು ತಮ್ಮ ಫೆರೆಟ್ಟಿನ ಕಷ್ಟವನ್ನು ತೋಡಿಕೊಳ್ಳುತ್ತಾ ಹೋದರು, ನಾನು ನಮ್ಮ ರೂಢಿಯಂತೆ "ಹೂಂ... ಹೂಂ..." ಎನ್ನುತ್ತಾ ಹೋದೆ. ಕೇಳಿಸಿಕೊಳ್ಳುತ್ತಿದ್ದೇನೆ, ಮುಂದೆ ಹೇಳಿ, ಎಂದಷ್ಟೇ ನನ್ನ ಅರ್ಥ. ಅವರ ಕಿವಿಗೆ ಅದು ಒಪ್ಪಿಗೆಯಾಗಿ ಬಿತ್ತು. ಮುಂದಿನ ಭಾನುವಾರ ಪಂಜರ ಸಮೇತ ಬಾಗಿಲಲ್ಲಿ ನಿಂತು, "ಅರಿಗಾತೋ" ಎಂದು ಧನ್ಯವಾದ ಹೇಳಿ ಸೊಂಟದವರೆಗೆ ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ. ನಾನು ಪಂಜರ ತೆಗೆದುಕೊಂಡ ಮೇಲೆಯೇ ಎದ್ದರು.

ಅದಾದ ಮೇಲೆ ಮಾವನವರು ಬಂದರು. ಮೈಸೂರಿನ ಹೈಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿ ನಿವೃತ್ತರಾದವರು. ಅತ್ತೆ ತೀರಿಕೊಂಡ ಮೇಲೆ ಮಗನ ಮನೆಯನ್ನೂ ಚೆರ್ರಿ ಹೂವನ್ನೂ ಒಟ್ಟಿಗೇ ನೋಡಿಕೊಂಡು ಹೋಗೋಣವೆಂದು ವಿಮಾನ ಹತ್ತಿದರು. ಹೂವು ಅರಳುವ ಹೊತ್ತಿಗೆ ಕೊರೋನಾ ಬಂತು, ವಿಮಾನಗಳು ನಿಂತವು. ಹೂವನ್ನೂ ಅವರು ಬಾಲ್ಕನಿಯಿಂದಲೇ ನೋಡಿದರು.

ಸಣ್ಣ ಫ್ಲಾಟು, ನಾಲ್ಕು ಜನ, ಎಲ್ಲರೂ ಮನೆಯಲ್ಲೇ. ನಾನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮೀಟಿಂಗಿನಲ್ಲಿ. ಗಂಡ ಹಾಸಿಗೆ ಮಡಚಿಡುವ ಗೋಡೆ ಕಪಾಟಿನಲ್ಲಿ. ತಮಾಷೆಯಲ್ಲ, ಹಾಸಿಗೆ ಹೊರಗೆ ಹಾಕಿ ಅದರೊಳಗೆ ಒಂದು ದೀಪ ಸಿಕ್ಕಿಸಿಕೊಂಡು ಮೀಟಿಂಗ್ ಮಾಡುತ್ತಿದ್ದ, ನಡುನಡುವೆ ಬಾಗಿಲು ಸರಿಸಿ ಕಾಫಿಗೆ ಕೈ ಚಾಚುತ್ತಿದ್ದ. ಮಗಳು ಆನ್‌ಲೈನ್ ಕ್ಲಾಸಿನಲ್ಲಿ. ತಾತ ಕನ್ನಡದಲ್ಲಿ ಕೇಳಿದರೆ ಅವಳು ಜಪಾನೀ ಭಾಷೆಯಲ್ಲಿ ಉತ್ತರ ಕೊಟ್ಟು ಹೆಡ್‌ಫೋನ್ ಏರಿಸಿಕೊಳ್ಳುತ್ತಿದ್ದಳು. ಮೈದಾನದ ಈ ತುದಿಯಿಂದ ಆ ತುದಿಗೆ ಕೇಳುವಂತೆ ಮಾತಾಡಿ ರೂಢಿಯಿದ್ದ ಮನುಷ್ಯ. ಅವರು ಬಾಯಿ ತೆರೆದ ಕೂಡಲೇ ನಾವು ಮೂವರೂ ಮೂರು ಕಡೆಯಿಂದ "ಶ್!" ಎನ್ನುತ್ತಿದ್ದೆವು.

ಹಾಗಾಗಿ ಅವರು ಮುಂಗುಸಿಯ ಜೊತೆ ಮಾತಾಡತೊಡಗಿದರು. ಮೊದಮೊದಲು "ಥೂ, ಏನು ವಾಸನೆ ಮಾರಾಯ್ತಿ ಇದು" ಎಂದು ಮೂಗು ಮುಚ್ಚಿಕೊಳ್ಳುತ್ತಿದ್ದವರು ನೋಡನೋಡುತ್ತಲೇ ಅದಕ್ಕೆ ಡ್ರಿಲ್ ಕಲಿಸಲು ಹೊರಟರು. "ಏಕ್ ದೋ ಏಕ್!" ಎಂದು ಪಿಸುಗುಟ್ಟುತ್ತಾ ಕಾರಿಡಾರಿನಲ್ಲಿ ಇವರು ಮುಂದೆ, ಅದು ಹಿಂದೆ. ಅದು ಮೊದಲ ತಿರುವಿನಲ್ಲೇ ಸಾಲು ಬಿಟ್ಟು ಚಪ್ಪಲಿ ಗೂಡಿಗೆ ನುಗ್ಗುತ್ತಿತ್ತು. "ಶಿಸ್ತಿಲ್ಲ, ಆದ್ರೆ ಹೇಳಿದ್ದು ಕೇಳಿಸ್ಕೊಳತ್ತೆ," ಎಂದು ಸರ್ಟಿಫಿಕೇಟು ಕೊಟ್ಟರು.

ಆಮೇಲೆ ಶುರುವಾದದ್ದು ಶಕುನದ ಸೇವೆ. ಮುಂಗುಸಿ ಕಂಡರೆ ಒಳ್ಳೆಯದಲ್ಲವೇ? ಮಾವನವರು ಒಮ್ಮೆ ಮೈಸೂರಿನ ವಾಕಿಂಗ್ ಗೆಳೆಯರಿಗೆ ವಿಡಿಯೋ ಕಾಲ್ ಮಾಡಿದಾಗ ಅದು ಹಿಂದೆ ಸುಳಿದಾಡಿತು. ಅದೇ ದಿನ ಆ ಗೆಳೆಯರೊಬ್ಬರ ಕೊರೋನಾ ರಿಪೋರ್ಟು ನೆಗೆಟಿವ್ ಬಂತು. ಮುಗಿಯಿತು ಕಥೆ. ಮರುದಿನದಿಂದ ಬೆಳಗಾದರೆ ಫೋನೋ ಫೋನು. "ಸಾರ್, ಒಂಚೂರು ಮುಂಗುಸಿ ತೋರಿಸ್ತೀರಾ? ಮೊಮ್ಮಗನ ಆನ್‌ಲೈನ್ ಇಂಟರ್‌ವ್ಯೂ ಇದೆ." ಮಾವ ಫೋನ್ ತಿರುಗಿಸಿಕೊಂಡು ಅದನ್ನು ಕಾರಿಡಾರಿನಲ್ಲಿ ದಾಟಿಸುತ್ತಿದ್ದರು. ಎಡದಿಂದ ಬಲಕ್ಕೆ ದಾಟಬೇಕೋ ಬಲದಿಂದ ಎಡಕ್ಕೋ ಎಂದು ಜಗಳ ಹತ್ತಿತು. ಇವರ ಪರದೆಯಲ್ಲಿ ಎಡದಿಂದ ಬಲಕ್ಕೆ ಹೋದದ್ದು ಅವರ ಪರದೆಯಲ್ಲಿ ಬಲದಿಂದ ಎಡಕ್ಕೆ ಹೋಗುತ್ತಿತ್ತು. "ನಾನು ಕಣ್ಣಾರೆ ನೋಡಿದೀನ್ರೀ!" "ನಾವೇನು ಕುರುಡರೇನ್ರೀ?" ಗಂಡ ಕಪಾಟಿನ ಬಾಗಿಲು ಸರಿಸಿ, "ಅಪ್ಪ, ಫ್ರಂಟ್ ಕ್ಯಾಮೆರಾ ನಿಮ್ಮ ಸ್ಕ್ರೀನಲ್ಲಿ ಕನ್ನಡಿ ಥರ ಉಲ್ಟಾ ತೋರಿಸತ್ತೆ," ಎಂದು ಹೇಳಿ ಮತ್ತೆ ಮುಚ್ಚಿಕೊಂಡ. ಅಂದಿನಿಂದ ಅದನ್ನು ಎರಡೂ ದಿಕ್ಕಿಗೆ ಓಡಿಸುವುದೆಂದು ತೀರ್ಮಾನವಾಯಿತು.

ಹೀಗಿರುವಾಗ ಒಂದು ಬೆಳಿಗ್ಗೆ ಅದು ಅರ್ಧ ದಾರಿಯಲ್ಲಿ ನಿಂತು ಗೋಡೆಯನ್ನು ನೋಡತೊಡಗಿತು. ಬಾಯಿಂದ ಜೊಲ್ಲು, ಹಿಂಗಾಲು ಜಾರುತ್ತಿದೆ. ಫೋನಿನ ಆ ಕಡೆಯಿಂದ ಯಾರೋ, "ಆಹಾ, ಧ್ಯಾನಕ್ಕೆ ಕೂತಿದೆ!" ಎಂದು ಕೈ ಮುಗಿದರು. ನಾನು ಫೋನ್ ಕಸಿದು ಆಫ್ ಮಾಡಿದೆ. ಮುಂಗುಸಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹತ್ತಿರದ ಪ್ರಾಣಿಗಳ ಆಸ್ಪತ್ರೆಗೆ ಓಡಿದೆ.

ಡಾಕ್ಟರು ಮೃದು ಮಾತಿನ ಹೆಂಗಸು. ರಕ್ತ ಪರೀಕ್ಷೆ ಮಾಡಿ ವಿವರಿಸಿದರು. ಮೇದೋಜೀರಕದಲ್ಲಿ ಗಡ್ಡೆ, ವಯಸ್ಸಾದ ಫೆರೆಟ್‌ಗಳಿಗೆ ಬಹಳ ಬರುವ ಕಾಯಿಲೆ. ಆ ಗಡ್ಡೆ ಇನ್ಸುಲಿನ್ ಸುರಿಯುತ್ತಲೇ ಇರುತ್ತದೆ, ರಕ್ತದ ಸಕ್ಕರೆ ಕುಸಿಯುತ್ತಲೇ ಇರುತ್ತದೆ. ಇದರ ವಯಸ್ಸಿಗೆ ಆಪರೇಷನ್ ಬೇಡ, ಔಷಧಿ ಕೊಡಿ, ಕೆಲವು ಗಂಟೆಗಳಿಗೊಮ್ಮೆ ಮಾಂಸದ ಆಹಾರ ತಿನ್ನಿಸಿ. ಸಿಹಿ ಕೊಡಬೇಡಿ, ಕೊಟ್ಟರೆ ಗಡ್ಡೆ ಕೆರಳಿ ಇನ್ನಷ್ಟು ಇನ್ಸುಲಿನ್ ಬಿಡುತ್ತದೆ. ಪ್ರಜ್ಞೆ ತಪ್ಪಿದರೆ ಮಾತ್ರ ವಸಡಿಗೆ ಒಂದಿಷ್ಟು ಜೇನು ಸವರಿ ಇಲ್ಲಿಗೆ ತನ್ನಿ. ಇದನ್ನೆಲ್ಲ ನಾನು ಮನೆಗೆ ಬಂದು ಗಂಡನಿಗೆ ಸಾವಧಾನವಾಗಿ ಹೇಳಿದೆ, ಅಪ್ಪನಿಗೂ ಬಿಡಿಸಿ ಹೇಳು ಎಂದು ಒಪ್ಪಿಸಿ ಮೀಟಿಂಗಿಗೆ ಕೂತೆ. ನನ್ನ ಗಂಡ, ದಿನವಿಡೀ ಮಾತಾಡಿ ಸಂಬಳ ತೆಗೆದುಕೊಳ್ಳುವ ಪುಣ್ಯಾತ್ಮ, ಕಪಾಟಿಂದ ತಲೆ ಹೊರಹಾಕಿ ಹೇಳಿದ್ದು ಇಷ್ಟು: "ಅದಕ್ಕೂ ಶುಗರ್ ಅಂತೆ ಅಪ್ಪ. ಸ್ವೀಟ್ ಕೊಡಬಾರದಂತೆ."

ಶುಗರ್! ನಮ್ಮ ಕಡೆ ಆ ಮಾತಿಗೆ ಒಂದೇ ದಿಕ್ಕು, ಮೇಲಕ್ಕೆ. ಯಾರಿಗಾದರೂ ಶುಗರ್ ಇದೆ ಎಂದರೆ ಏರಿದೆಯೆಂದೇ ಅರ್ಥ, ಇಳಿದರೆ ಹಬ್ಬ. ಮಾವನವರಿಗೆ ಸ್ವತಃ ಶುಗರ್. ಬಾಲ್ಕನಿಯಿಂದ ಎದ್ದು ಬಂದವರು ಪಂಜರದ ಮುಂದೆ ಕುಕ್ಕರಗಾಲಲ್ಲಿ ಕೂತು, "ನಿಂಗೂ ಬಂತೇನೋ ಪಾಪ," ಎಂದರು. ಆ ದನಿಯಲ್ಲಿ ಮರುಕವೂ ಇತ್ತು, ಸುಳ್ಳೇಕೆ ಹೇಳಲಿ, ಜೊತೆಗೊಬ್ಬ ಸಿಕ್ಕಿದ ಖುಷಿಯೂ ಇತ್ತು.

ಮಾವನವರ ಹತ್ತಿರ ಒಂದು ಪುಡಿ ಇತ್ತು. ಮೈಸೂರಿನ ಗ್ರಂಧಿಗೆ ಅಂಗಡಿಯಲ್ಲಿ ನಾರುಬೇರು ಆರಿಸಿ ಮಾಡಿಸಿಕೊಂಡು ಬಂದದ್ದು: ಮಧುನಾಶಿನಿ ಎಲೆ, ನೇರಳೆ ಬೀಜ, ಮೆಂತ್ಯ, ಒಣಗಿಸಿದ ಹಾಗಲಕಾಯಿ. ಇಲ್ಲಿನ ಡಾಕ್ಟರು ಕೊಟ್ಟ ಮಾತ್ರೆಯನ್ನೂ ನುಂಗುತ್ತಿದ್ದರು, ಆದರೆ ನಂಬಿಕೆಯಿದ್ದದ್ದು ಪುಡಿಯ ಮೇಲೆ. ಊರಿಂದ ಪಾರ್ಸೆಲ್ ಬರುವುದು ನಿಂತುಹೋಗಿತ್ತು. ಡಬ್ಬಿಯ ತಳ ಕಾಣುತ್ತಿತ್ತು, ಚಿಟಿಕೆ ಚಿಟಿಕೆಯಾಗಿ ಹುಷಾರಾಗಿ ಬಳಸುತ್ತಿದ್ದರು. ಆ ಚಿಟಿಕೆಯಲ್ಲಿ ಅರ್ಧವನ್ನು, ನಮಗ್ಯಾರಿಗೂ ಹೇಳದೆ, ಮುಂಗುಸಿಗೆ ಕೊಡತೊಡಗಿದರು. ಬೆರಳಿಗೆ ತುಪ್ಪ ಸವರಿ, ಮೇಲೆ ಪುಡಿ ಉದುರಿಸಿ, ಬೆಳಿಗ್ಗೆ ಸಂಜೆ. ಅದು ತುಪ್ಪದ ಆಸೆಗೆ ಬೆರಳು ನೆಕ್ಕಿ ನೆಕ್ಕಿ ಕಹಿಯನ್ನೂ ನುಂಗಿತು.

ಮನೆಯಲ್ಲಿ ಈಗ ಒಬ್ಬರ ಶುಗರ್ ಏರುತ್ತಿತ್ತು, ಇನ್ನೊಬ್ಬರದು ಇಳಿಯುತ್ತಿತ್ತು. ವಾಕಿಂಗ್ ಇಲ್ಲದ್ದಕ್ಕೆ ಮಾವನವರದು ಏರಿದೆಯೆಂದು ನಾವು ಅಂದುಕೊಂಡೆವು. ಔಷಧಿ ಹತ್ತುತ್ತಿಲ್ಲವೆಂದು ಮುಂಗುಸಿಗೆ ಇನ್ನೊಂದು ಮಾತ್ರೆ ಹೆಚ್ಚಿಸಿಕೊಂಡು ಬಂದೆ. ಮಾವನವರು ಮಾತ್ರ ಸಂಭ್ರಮದಲ್ಲಿದ್ದರು. ಮಧ್ಯಾಹ್ನ ಇಬ್ಬರೂ ಬಾಲ್ಕನಿಯಲ್ಲಿ ಕೂತರೆ, "ನಾವಿಬ್ರೂ ಮೈಸೂರು ಪಾಕಿಗೆ ಎಳ್ಳು ನೀರು ಬಿಟ್ಟವ್ರು ಕಣೋ," ಎನ್ನುವುದು ಅಡಿಗೆಮನೆಗೆ ಕೇಳುತ್ತಿತ್ತು.

ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಮುಂಗುಸಿ ಸೆಟೆದು ಬಿತ್ತು. ಮಗಳು "ಮಾಮಾ!" ಎಂದು ಕಿರುಚಿದಳು. ಜಪಾನಿನ ಮಕ್ಕಳಿಗೆ ಮಾಮಾ ಅಂದರೆ ಅಮ್ಮ. ಆ ಕೂಗಿಗೆ ನಾನು ಜೇನಿನ ಬಾಟಲಿಗೆಂದು ಅಡಿಗೆಮನೆಗೆ ಓಡಿದೆ. ಜೇನು ಇಲ್ಲ! ಡಬ್ಬಿಗಳನ್ನೆಲ್ಲ ಉರುಳಿಸಿದೆ. "ಜೇನೆಲ್ಲಿ? ಡಾಕ್ಟರು ಜೇನು ಸವರೋಕೆ ಹೇಳಿದಾರೆ, ಯಾರು ತಗೊಂಡ್ರಿ?"

"ನಾನೇ ಎತ್ತಿಟ್ಟಿದೀನಿ," ಎಂದರು ಮಾವ. "ಶುಗರ್ ಇರೋದಕ್ಕೆ ಜೇನು ಕೊಡ್ತಾರೇನಮ್ಮ? ಆ ಡಾಕ್ಟರಿಗೆ ಬುದ್ಧಿ ಇಲ್ಲ ಅಂದ್ರೆ ನಿಂಗೂ ಬೇಡ್ವಾ?"

ಎಲ್ಲಿಟ್ಟಿದ್ದರೆಂಬುದು ಆ ಗಡಿಬಿಡಿಯಲ್ಲಿ ಅವರಿಗೇ ನೆನಪಾಗಲಿಲ್ಲ. ಕೈಗೆ ಸಿಕ್ಕ ಸಕ್ಕರೆಯನ್ನೇ ನೀರಿನಲ್ಲಿ ಕಲಸಿ ಅದರ ವಸಡಿಗೆ ಉಜ್ಜಿದೆ, ಟವೆಲ್ಲಿನಲ್ಲಿ ಸುತ್ತಿಕೊಂಡು ಓಡಿದೆ. ಹಿಂದೆ ಮಾವನವರು ಪುಡಿಯ ಡಬ್ಬಿ ಹಿಡಿದುಕೊಂಡು ಓಡಿ ಬಂದರು. ಬೇಡವೆಂದರೆ ಕೇಳಬೇಕಲ್ಲ.

ಕೊರೋನಾ ಕಾಲ, ಆಸ್ಪತ್ರೆಯೊಳಗೆ ಜನ ನಿಲ್ಲುವಂತಿಲ್ಲ. ನರ್ಸು ಮುಂಗುಸಿಯನ್ನು ಒಳಗೊಯ್ದರು. ಡ್ರಿಪ್ ಹಾಕಿ ಡಾಕ್ಟರು ಫುಟ್‌ಪಾತಿಗೇ ಬಂದರು. ಮುಖಕ್ಕೆ ಮಾಸ್ಕು, ಅದರ ಮೇಲೆ ಪ್ಲಾಸ್ಟಿಕ್ ಗುರಾಣಿ. ಪಕ್ಕದಲ್ಲಿ ಸೈಕಲ್ಲುಗಳ ಸಾಲು, ತಲೆಯ ಮೇಲೆ ರೈಲಿನ ಸೇತುವೆ. ರೈಲು ಬಂದಾಗಲೆಲ್ಲ ಮಾತು ನಿಲ್ಲಿಸಿ ಕಾಯಬೇಕು. "ಸುಮಿಮಾಸೆನ್, ಕ್ಷಮಿಸಿ, ಔಷಧಿ ಹೆಚ್ಚಿಸಿದರೂ ಹೀಗೇಕಾಯಿತು ಎಂದು ಅರ್ಥವಾಗುತ್ತಿಲ್ಲ. ಬೇರೆ ಏನಾದರೂ ಸಪುರಿ ಕೊಡುತ್ತಿದ್ದೀರಾ?" ಎಂದು ಕೇಳಿದರು. ಸಪ್ಲಿಮೆಂಟಿಗೆ ಇಲ್ಲಿ ಸಪುರಿ ಎನ್ನುತ್ತಾರೆ.

ಮಾವನವರ ಕಿವಿ ನಿಮಿರಿತು. "ಪೂರಿ ಗೀರಿ ಏನೂ ಕೊಟ್ಟಿಲ್ಲ ಅಂತ ಹೇಳಮ್ಮ. ಎಣ್ಣೆ ಪದಾರ್ಥ ನಾನೂ ತಿನ್ನಲ್ಲ, ಅದಕ್ಕೂ ಕೊಡಲ್ಲ. ನಮ್ಮ ಪುಡಿ ಒಂದೇ." ಹೆಮ್ಮೆಯಿಂದ ಡಬ್ಬಿಯನ್ನು ಡಾಕ್ಟರ ಮುಂದೆ ಹಿಡಿದರು. "ಮಧುನಾಶಿನಿ. ಹೆಸರು ಸರಿಯಾಗಿ ಹೇಳು. ಜಪಾನಿನ ಮುಂಗುಸಿಗಳಿಗೆಲ್ಲ ಉಪಯೋಗ ಆಗ್ಲಿ."

ರೈಲೊಂದು ಬಂದು ಹೋಗುವವರೆಗೆ ಕಾದು, ಡಾಕ್ಟರಿಗೆ ಅದು ಏನೆಂದು ಹೇಳಿದೆ. ಅವರ ಗುರಾಣಿಯ ಹಿಂದಿನ ಕಣ್ಣು ದೊಡ್ಡದಾಯಿತು. ಬಂದಾಗ ಇದರ ಸಕ್ಕರೆ ಯಂತ್ರದಲ್ಲಿ ಸರಿಯಾಗಿ ತೋರಿಸಲಾರದಷ್ಟು ಇಳಿದಿತ್ತು ಎಂದರು.

"ಏನಂತೆ?" ಎಂದರು ಮಾವ.

"ಶುಗರ್ ತುಂಬಾ ಕಮ್ಮಿ ಆಗಿದೆಯಂತೆ."

"ಕಮ್ಮಿ ಆಯ್ತಾ!" ಮಾವನವರ ಮುಖ ಅರಳಿತು. "ನೋಡಿದ್ಯಾ! ನಾನು ಹೇಳ್ಲಿಲ್ವಾ! ನಮ್ಮ ಪುಡಿ ಅಂದ್ರೆ ಏನಂದ್ಕೊಂಡೆ?" ಡಬ್ಬಿಯನ್ನು ಕಂಕುಳಲ್ಲಿ ಸಿಕ್ಕಿಸಿ ಡಾಕ್ಟರಿಗೆ ಕೈ ಮುಗಿದರು. ಪಾಪ, ಅವರು ಪ್ರತಿಯಾಗಿ ಬಗ್ಗಿದರು. ಅವರು ಬಗ್ಗಿದ್ದಕ್ಕೆ ಇವರೂ ಬಗ್ಗಿದರು. ಇವರು ಬಗ್ಗಿದ್ದಕ್ಕೆ ಅವರು ಇನ್ನೂ ಕೆಳಗೆ ಬಗ್ಗಿದರು.

ನನಗೆ ತಡೆಯಲಾಗಲಿಲ್ಲ. "ಮಾವ! ಕಮ್ಮಿ ಆಗೋದೇ ಅದರ ಕಾಯಿಲೆ! ನಿಮ್ಮದು ಏರೋ ಶುಗರ್, ಅದರದು ಇಳಿಯೋ ಶುಗರ್! ಇಳಿದು ಇಳಿದು ಸಾಯ್ತಿರೋದಕ್ಕೆ ಇನ್ನೂ ಇಳಿಸೋ ಪುಡಿ ಹಾಕಿದೀರಲ್ಲ!" ಸೈಕಲ್ಲಿನಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ಎಡೋಗಾವಾದಲ್ಲಿ ಅಷ್ಟು ಜೋರಾಗಿ ಅದಕ್ಕೆ ಮೊದಲು ನಾನು ಮಾತಾಡಿರಲಿಲ್ಲ.

ಬಗ್ಗಿದ್ದ ಮಾವನವರು ನಿಧಾನವಾಗಿ ನೆಟ್ಟಗಾದರು. ಡಾಕ್ಟರು ಇಬ್ಬರ ಮುಖವನ್ನೂ ನೋಡಿ, "ತಾತನವರು ಇದನ್ನು ಬಹಳ ಅಕ್ಕರೆಯಿಂದ ನೋಡಿಕೊಂಡಿದ್ದಾರೆ," ಎಂದರು. ನಾನು ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದೆ. ಅಷ್ಟರಲ್ಲಿ ಇನ್ನೊಂದು ರೈಲು ಬಂತು, ಅವರಿಗೆ ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ.

ಸಂಜೆ ಮುಂಗುಸಿ ಮನೆಗೆ ಬಂತು, ಬದುಕಿತ್ತು ಅಷ್ಟೇ. ಡಾಕ್ಟರು ಕಡ್ಡಿ ತುಂಡು ಮಾಡಿದಂತೆ ಹೇಳಿದ್ದರು: ಇನ್ನು ಇದು ಉಳಿಯುವುದು ತಿಂದರೆ ಮಾತ್ರ. ಹೊತ್ತು ಹೊತ್ತಿಗೆ ಕೋಳಿ ಮಾಂಸದ ಗಂಜಿ ಹೊಟ್ಟೆಗೆ ಹೋಗಬೇಕು, ಇಲ್ಲವಾದರೆ ಸಕ್ಕರೆ ಮತ್ತೆ ಕುಸಿಯುತ್ತದೆ, ಆಗ ತಮ್ಮ ಕೈಯಲ್ಲೂ ಏನೂ ಇಲ್ಲ. ನಾನು ಚಮಚದಲ್ಲಿ ಹಿಡಿದೆ. ಅದು ಮುಖ ತಿರುಗಿಸಿತು. ಗಂಡ ಕಪಾಟಿನಿಂದ ಇಳಿದು ಬಂದು ಹಿಡಿದ, ಕಚ್ಚಿತು. ಮಗಳು ಜಪಾನೀ ಭಾಷೆಯಲ್ಲಿ ಮುದ್ದುಗರೆದು, ಇಂಗ್ಲಿಷಿನಲ್ಲಿ ಬೇಡಿಕೊಂಡು, ಕೊನೆಗೆ ತನಗೆ ಬರುವ ಅಷ್ಟಿಷ್ಟು ಕನ್ನಡದಲ್ಲಿ "ತಿನ್ನು ತಿನ್ನು" ಎಂದು ಅತ್ತಳು. ಮಾರನೆಯ ದಿನವೂ ಅದೇ ಕಥೆ. ಆಸ್ಪತ್ರೆಗೆ ಫೋನ್ ಮಾಡಿದೆ. ಡಾಕ್ಟರು, "ಅದು ಯಾರ ಕೈಗೆ ಹೆಚ್ಚು ಒಗ್ಗಿದೆ?" ಎಂದು ಕೇಳಿದರು.

ಮಾವನವರು ಬಾಲ್ಕನಿಯಲ್ಲಿ ಗೋಡೆಗೆ ಮುಖ ಹಾಕಿ ಕೂತಿದ್ದರು. ಮೈಸೂರಿನಿಂದ ಬರುತ್ತಿದ್ದ ಫೋನುಗಳನ್ನೂ ಎತ್ತುತ್ತಿರಲಿಲ್ಲ. ಪುಡಿಯ ಡಬ್ಬಿಯನ್ನು ಕಸಕ್ಕೆ ಹಾಕಿದ್ದರು, ತಮ್ಮ ಪಾಲಿನದನ್ನೂ ಸೇರಿಸಿ.

"ಮಾವ, ಅದು ನಿಮ್ಮ ಕೈಯಿಂದಾದ್ರೆ ತಿನ್ನತ್ತೆ," ಎಂದೆ.

"ನನ್ನ ಕೈ ಬೇಡಮ್ಮ."

"ಅದು ಸತ್ತುಹೋಗತ್ತೆ ಮಾವ."

ಅವರು ಗೋಡೆಗೇ ಹೇಳಿದರು: "ಈ ಮನೇಲಿ ನಾನು ಬಾಯಿ ತೆಗೆದ್ರೆ ಶ್ ಅನ್ನದೇ ಇದ್ದದ್ದು ಅದೊಂದೇ. ಅದಕ್ಕೇ ವಿಷ ಹಾಕ್ದೆನಲ್ಲಮ್ಮ ನಾನು."

ನನಗೆ ಮುಖ ಎತ್ತಿ ಅವರನ್ನು ನೋಡಲಾಗಲಿಲ್ಲ. ಅವರ ಮೇಲಿದ್ದ ಸಿಟ್ಟೆಲ್ಲ ನಮ್ಮ ಮೂವರ ಮೇಲೆ ತಿರುಗಿತು. ಏನಾದರೂ ಹೇಳೋಣವೆಂದರೆ ಮೀಟಿಂಗಿನ ಗಂಟೆ ಬಾರಿಸಿತು. ಹಾಳಾದ ಮೀಟಿಂಗು. ಎದ್ದು ಹೋದೆ.

ಅಂದು ಜಪಾನೀ ಗ್ರಾಹಕರ ಮುಂದೆ ನಮ್ಮ ಟೀಮಿನ ಕೆಲಸವನ್ನು ನಾನೇ ತೋರಿಸಬೇಕಿತ್ತು. ಕ್ಯಾಮೆರಾ ಆನ್ ಇತ್ತು. ಮಾತಿನ ನಡುವೆ ಪಕ್ಕದಲ್ಲಿ ಯಾರೋ ನಿಂತಂತಾಗಿ ತಿರುಗಿದೆ. ಮಾವನವರು. ಸ್ನಾನ ಮಾಡಿದ್ದರು, ತಲೆ ಇನ್ನೂ ಒದ್ದೆ. ಒಂದು ಕೈಯಲ್ಲಿ ಟವೆಲ್ಲಿನೊಳಗೆ ಮುಂಗುಸಿ, ಇನ್ನೊಂದರಲ್ಲಿ ಕೋಳಿ ಗಂಜಿಯ ಬಟ್ಟಲು. ಆ ಗಂಜಿಯ ಡಬ್ಬಿ ತೆರೆದರೆ ಸಾಕು, ಎದ್ದು ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ ಮನುಷ್ಯ. ಹುಟ್ಟಿದಂದಿನಿಂದ ಮೊಟ್ಟೆಯನ್ನೂ ಮುಟ್ಟಿದವರಲ್ಲ, ಮೊಟ್ಟೆ ಇದೆಯೋ ಏನೋ ಎಂದು ಕೊಂಬಿನಿ ಅಂಗಡಿಯ ಬ್ರೆಡ್ಡನ್ನೂ ಅನುಮಾನದಿಂದ ನೋಡುತ್ತಿದ್ದವರು.

ನಾನು ಮೈಕ್ ಮುಚ್ಚಿದೆ.

"ಇದರಲ್ಲಿ ಏನೂ ಬೆರೆಸಿಲ್ಲ ನಾನು. ನೋಡಮ್ಮ," ಎಂದು ಬಟ್ಟಲನ್ನು ನನ್ನ ಮುಖದ ಹತ್ತಿರ ತಂದರು. ಪರದೆಯ ಮೇಲಿನ ಗ್ರಾಹಕರೆಲ್ಲ ಬಟ್ಟಲನ್ನು ನೋಡಿ ಗಂಭೀರವಾಗಿ ತಲೆದೂಗಿದರು.

"ನಂಗೊತ್ತು ಮಾವ. ಕೊಡಿ ನೀವು."

"ನಿಂಗೊತ್ತು. ಅದಕ್ಕೆ ಹೆಂಗೆ ಗೊತ್ತಾಗ್ಬೇಕು?"

ಅಲ್ಲೇ, ನನ್ನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಮುಂಗುಸಿಯನ್ನು ತೊಡೆಯ ಮೇಲಿಟ್ಟುಕೊಂಡರು. ಬೆರಳಿಗೆ ಗಂಜಿ ತೆಗೆದುಕೊಂಡು ಅದರ ಮೂಗಿನ ಹತ್ತಿರ ಹಿಡಿದರು. ಅದು ಮೂಸಿತು, ಬಾಯಿ ಬಿಡಲಿಲ್ಲ. ಮಾವನವರು ಅದರ ಕಣ್ಣನ್ನೇ ಒಂದು ಕ್ಷಣ ನೋಡಿದರು. ನನಗೆ ಅರ್ಥವಾಗಿ "ಮಾವ, ಬೇಡ" ಎನ್ನುವಷ್ಟರಲ್ಲಿ ಬೆರಳು ಅವರ ಬಾಯೊಳಗಿತ್ತು. ಕಣ್ಣು ಮುಚ್ಚಿ ನುಂಗಿದರು. ಗಂಟಲಿನ ಗಂಟು ಮೇಲೆ ಕೆಳಗೆ ಆಡಿದ್ದು ನನಗೆ ಕಾಣಿಸಿತು. ನನಗೆ ಅಳು ತಡೆಯಲಾಗಲಿಲ್ಲ, ಕ್ಯಾಮೆರಾ ಆರಿಸುವುದೂ ತೋಚಲಿಲ್ಲ.

"ಕಹಿ ಇಲ್ಲ ಕಣೋ," ಎಂದರು ಅದಕ್ಕೆ. ದನಿ ತಗ್ಗಿಸಿರಲಿಲ್ಲ, ಮೈದಾನದ ದನಿ. ನಾವು ಯಾರೂ ಶ್ ಅನ್ನಲಿಲ್ಲ.

ಬಟ್ಟಲಿನಿಂದ ಇನ್ನೊಂದು ಬೆರಳು ತೆಗೆದು ಹಿಡಿದರು. ಮುಂಗುಸಿ ಕತ್ತು ಚಾಚಿ ಮೊದಲು ಅವರ ಬಾಯಿಯನ್ನು ಮೂಸಿತು, ಆಮೇಲೆ ಬೆರಳನ್ನು ನೆಕ್ಕಿತು. ಮತ್ತೆ ಮತ್ತೆ ನೆಕ್ಕಿತು. ಮಾವನವರು ನನ್ನ ಕಡೆ ತಿರುಗದೆಯೇ ಹೇಳಿದರು:

"ಪಾಪ, ಒಂದು ಹರಳು ಉಪ್ಪೂ ಹಾಕಲ್ವಲ್ಲಮ್ಮ ಇದಕ್ಕೆ."